ಹದ್ದಿನ ಬೋರ್ಡು ಹಿಡಿದು ಗ್ರೆನೋಬಲ್‌ಗೆ

"ಮಾಮ, ಈ ರೋಬೋನ ಅವನ ಊರಿನವರೇ ಓಡಿಸಿದಾರೆ. ಈಗ ವಾಪಸ್ ಬಂದು ಪಟ್ಟ ಕಿತ್ಕೋಬೇಕು." ಅಕ್ಕನ ಮಗ ಫೋನಿನಿಂದ ತಲೆ ಎತ್ತದೆ ತನ್ನ ಗೇಮಿನ ಕಥೆ ಹೇಳುತ್ತಿದ್ದ. ಬಾಡಿಗೆ ಕಾರನ್ನು ಗೋಲ್ಫ್-ಜುವಾನ್ ಬಂದರಿನ ಪಕ್ಕ ಆಗಷ್ಟೇ ನಿಲ್ಲಿಸಿದ್ದೆ. "ಇಳಿಯೋ, ಅಂಥವನೇ ಒಬ್ಬ ಇಲ್ಲಿ ಹಡಗು ಇಳಿದಿದ್ದ" ಅಂದೆ.

ಫ್ರಾನ್ಸಿನ ದಕ್ಷಿಣ ಕರಾವಳಿಯ ಸಣ್ಣ ಊರು ಇದು. ಪಟ್ಟ ಕಳೆದುಕೊಂಡು ಎಲ್ಬಾ ದ್ವೀಪ ಸೇರಿದ್ದ ನೆಪೋಲಿಯನ್, 1815ರ ಮಾರ್ಚ್ 1ರಂದು ಸುಮಾರು ಸಾವಿರ ಜನರ ಜೊತೆ ಇಲ್ಲಿ ಕಾಲಿಟ್ಟ. ಈಗ ಒಂದು ಸ್ಮಾರಕ ಫಲಕ, ಸಾಲು ದೋಣಿಗಳು, ಐಸ್‌ಕ್ರೀಂ. ಹುಡುಗ ಐಸ್‌ಕ್ರೀಂ ನೋಡಿದ.

ಇಲ್ಲಿಂದ ಗ್ರೆನೋಬಲ್‌ವರೆಗಿನ 300 ಕಿಲೋಮೀಟರ್ ಚಿಲ್ಲರೆ ದಾರಿಗೆ 1932ರಿಂದ ನೆಪೋಲಿಯನ್ ರಸ್ತೆ ಅಂತಲೇ ಹೆಸರು. ರಸ್ತೆ ಬದಿಯ ಬೋರ್ಡುಗಳಲ್ಲಿ ಹಾರುವ ಹದ್ದು. ತನ್ನ ಹದ್ದು ಚರ್ಚಿನ ಗೋಪುರದಿಂದ ಗೋಪುರಕ್ಕೆ ಹಾರುತ್ತಾ ಪ್ಯಾರಿಸ್ಸಿನ ನೋತ್ರ್ ದಾಮ್ ಮುಟ್ಟುತ್ತದೆ ಎಂದು ಅವನು ಘೋಷಣೆ ಹೊರಡಿಸಿದ್ದ.

ರೋನ್ ಕಣಿವೆಯ ಸಲೀಸು ರಸ್ತೆ ಬಿಟ್ಟು ಈ ಬೆಟ್ಟ ಯಾಕೆ ಹತ್ತಿದ? ಹೆದರಿಕೆ. ಹಿಂದಿನ ವರ್ಷ ಎಲ್ಬಾಕ್ಕೆ ಹೋಗುವಾಗ ಆ ಕಡೆಯ ಜನ ಗಾಡಿ ಸುತ್ತುವರಿದು ಉಗಿದಿದ್ದರು. ಚಕ್ರವರ್ತಿ ಆಸ್ಟ್ರಿಯಾದವರ ಸಮವಸ್ತ್ರ ತೊಟ್ಟು ವೇಷ ಮರೆಸಿಕೊಳ್ಳಬೇಕಾಯಿತು. ಇದನ್ನು ಕೇಳಿ ಹುಡುಗ ಮೊದಲ ಸಲ ಫೋನ್ ಕೆಳಗಿಟ್ಟ.

ಸುಗಂಧದ ಊರು ಗ್ರಾಸ್ ದಾಟಿದರೆ ಚಾರ್ಮಾಡಿ ಘಾಟಿಯ ಅಣ್ಣನಂಥ ತಿರುವುಗಳು. ಆಗ ಮುಂದೆ ಗಾಡಿ ಹೋಗುವ ರಸ್ತೆಯೇ ಇರಲಿಲ್ಲ, ಬರೀ ಹಿಮ ಬಿದ್ದ ಕಾಲುದಾರಿ. ತೋಪುಗಳನ್ನು ಗ್ರಾಸ್‌ನಲ್ಲೇ ಬಿಟ್ಟು ನಡೆದರು. ಚಿನ್ನದ ನಾಣ್ಯ ಹೊತ್ತ ಹೇಸರಗತ್ತೆ ಪ್ರಪಾತಕ್ಕೆ ಉರುಳಿತಂತೆ. ನಮ್ಮ ಹುಡುಗ ನಿಂಬೆಹಣ್ಣು ಮೂಸುತ್ತಾ ಸುಮ್ನೆ ಕೂತಿದ್ದ.

ಸಿಸ್ತರೋನ್‌ನಲ್ಲಿ ನಿಂತು ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿ ತಿಂದೆವು. ಬಂಡೆಯ ನೆತ್ತಿಯಲ್ಲಿ ಕೋಟೆ, ಬುಡದಲ್ಲಿ ದ್ಯುರಾನ್ಸ್ ನದಿ. ನಡುವೆ ಜಾಗ ಅನ್ನುವುದೇ ಇಲ್ಲ. ಅಲ್ಲೊಂದು ತೋಪು ಇಟ್ಟು ಕಾದಿದ್ದರೆ ಕಥೆ ಮುಗಿದಿರುತ್ತಿತ್ತು. ಕಾಯುವವರೇ ಇರಲಿಲ್ಲ!

ಮರುದಿನ ಲಾಫ್ರೆ. ನಾನು ಇಷ್ಟು ದೂರ ಬಂದದ್ದೇ ಈ ಹುಲ್ಲುಗಾವಲಿಗೆ. ಕೆರೆಯ ಕಡೆಯಿಂದ ತಣ್ಣನೆ ಗಾಳಿ. ಕುದುರೆ ಮೇಲೆ ಕೂತ ನೆಪೋಲಿಯನ್ನನ ಪ್ರತಿಮೆ. ಮಾರ್ಚ್ 7ರಂದು, ಅವನ ಬದಲು ಪಟ್ಟಕ್ಕೆ ಬಂದಿದ್ದ ರಾಜನ ಸೈನಿಕರು ಇಲ್ಲಿ ದಾರಿಗೆ ಅಡ್ಡ ನಿಂತಿದ್ದರು. ನೆಪೋಲಿಯನ್ ಒಬ್ಬನೇ ಮುಂದೆ ನಡೆದು ಬಂದ. ತಮ್ಮ ಚಕ್ರವರ್ತಿಯನ್ನು ಕೊಲ್ಲುವವರು ಯಾರಾದರೂ ಇದ್ದರೆ ಇಗೋ ನಾನು ಇಲ್ಲಿದ್ದೇನೆ ಅಂದನಂತೆ. ಗುಂಡು ಹಾರಿಸಿ ಅಂತ ಅಪ್ಪಣೆಯೂ ಆಯಿತು. ಒಂದು ಬಂದೂಕೂ ಸಿಡಿಯಲಿಲ್ಲ. ಎದುರು ನಿಂತವರೆಲ್ಲ ಜೈಕಾರ ಹಾಕುತ್ತಾ ಅವನ ಕಡೆಗೇ ಬಂದುಬಿಟ್ಟರು.

ನಾನು ಹೆಜ್ಜೆ ಅಳೆಯುತ್ತಾ ಆ ನಡಿಗೆ ನಡೆದು ನೋಡಿದೆ. ಹುಡುಗ ಎದುರಿಗೆ ಕೋಲು ಹಿಡಿದು ನಿಂತ. ಹತ್ತಿರ ಬಂದಾಗ "ಢಂ" ಅಂದ.

"ಅವರು ಹೊಡೀಲಿಲ್ಲ ಕಣೋ."

"ನಾನು ರೋಬೋ ಸೈನಿಕ ಮಾಮ. ಆರ್ಡರ್ ಬಂದ್ರೆ ಹೊಡೀತೀನಿ."

ಹೌದಲ್ವಾ! ಎದುರಿಗಿದ್ದದ್ದು ರೋಬೋ ಪಡೆಯಾಗಿದ್ದರೆ ಅವನ ಕಥೆ ಈ ಹುಲ್ಲಿನ ಮೇಲೇ ಮುಗಿಯುತ್ತಿತ್ತು.

ಅಂದು ರಾತ್ರಿ ಗ್ರೆನೋಬಲ್ ಅವನ ಕೈಗೆ ಬಂತು, 20ಕ್ಕೆ ಪ್ಯಾರಿಸ್. ಜೂನ್ 18ಕ್ಕೆ ವಾಟರ್ಲೂನಲ್ಲಿ ಎಲ್ಲ ಹೋಯಿತು. ಅಲ್ಲಿ ಸೋಲಿಸಿದ ವೆಲ್ಲಿಂಗ್ಟನ್, 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಅದೇ ಆರ್ಥರ್ ವೆಲ್ಲೆಸ್ಲಿ. ಅದೇ ವರ್ಷ ಈಜಿಪ್ಟಿನಿಂದ ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರ ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತ್ತು.

ಲಾಫ್ರೆಯಿಂದ ವಿಜೀಲ್ ಕಡೆಗೆ ಭಾರೀ ಇಳಿಜಾರು. ಬಸ್ಸುಗಳು ಉರುಳಿ ಜನ ಸತ್ತ ಜಾಗ ಅದು. ಎರಡನೇ ಗೇರಿನಲ್ಲಿ ಇಳಿದರೂ ಬ್ರೇಕು ಸುಟ್ಟ ವಾಸನೆ. ಹಿಂದಿನಿಂದ ಹುಡುಗ ಕೇಳಿದ, "ಮಾಮ, ಇನ್ನೊಂದು ನಿಂಬೆಹಣ್ಣು ಇದೆಯಾ?"