ತೆಪ್ಪದ ದೀಪಗಳಿಗೆ ಟ್ರ್ಯಾಕ್ಟರಿನ ಬ್ಯಾಟರಿ

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಕೆರೆಯ ಮೇಲೆ ಸಾಗುವ ತೆಪ್ಪೋತ್ಸವವನ್ನು ಕಂಡವರಿಗೆ, ಕತ್ತಲ ನೀರಿನಲ್ಲಿ ದೀಪದ ಸಾಲು ಎರಡಾಗಿ ತೋರುವ ಚೆಂದವನ್ನು ನಾನು ವರ್ಣಿಸಬೇಕಿಲ್ಲ. ನಮ್ಮೂರಿನ ಕೆರೆ ಅಷ್ಟು ದೊಡ್ಡದಲ್ಲ; ತೆಪ್ಪವೂ ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಬಿಗಿದು ಕಟ್ಟಿದ್ದು. ಅದಕ್ಕೆ ದೀಪ ಹಾಕುವ ಹೊಣೆ ಎರಡು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ.

ಮೊದಲೆಲ್ಲ ತೆಪ್ಪದ ಮೇಲೊಂದು ಸಣ್ಣ ಜನರೇಟರ್ ಇಡುತ್ತಿದ್ದರು. ಅದರ ಸದ್ದಿನಲ್ಲಿ ಸನಾದಿ ಕೇಳಿಸುತ್ತಿರಲಿಲ್ಲ, ಪೆಟ್ರೋಲಿನ ವಾಸನೆಯ ನಡುವೆ ಊದುಬತ್ತಿಯ ಪರಿಮಳಕ್ಕೆ ಜಾಗವಿರಲಿಲ್ಲ. ಮನೆಯ ಇನ್ವರ್ಟರನ್ನೇ ಒಯ್ಯೋಣವೆಂದಾಗ ಹಿರಿಯರೊಬ್ಬರು, "ತಮ್ಮಾ, ಹಸಿ ಹಲಗಿ ಮ್ಯಾಲ ಮನಿ ಕರೆಂಟು ಬ್ಯಾಡಪ್ಪಾ" ಎಂದರು. ಅವರ ಮಾತು ಸರಿಯಾಗಿತ್ತು. ಮೇಲಾಗಿ, ಎಲ್‌ಇಡಿ ಪಟ್ಟಿಗೆ ಬೇಕಾದದ್ದೇ 12 ವೋಲ್ಟ್. ಬ್ಯಾಟರಿಯ 12 ವೋಲ್ಟನ್ನು ಇನ್ವರ್ಟರಿನಲ್ಲಿ 230ಕ್ಕೆ ಏರಿಸಿ, ಅಡಾಪ್ಟರಿನಲ್ಲಿ ಮತ್ತೆ 12ಕ್ಕೆ ಇಳಿಸುವುದೆಂದರೆ, ಬಾವಿಯ ನೀರನ್ನು ಮಾಳಿಗೆಗೆ ಹೊತ್ತು ಅಲ್ಲಿಂದ ಅಂಗಳಕ್ಕೆ ಸುರಿದು ಪಾತ್ರೆ ತೊಳೆದಂತೆ. ಏರಿಸುವಾಗಲೂ ಇಳಿಸುವಾಗಲೂ ಒಂದಿಷ್ಟು ವಿದ್ಯುತ್ತು ಬಿಸಿಯಾಗಿ ಸೋರಿಹೋಗುತ್ತದೆ. ಕಡಲಿನ ಹಾಯಿದೋಣಿಗಳಲ್ಲಿಯೂ ದೀಪಗಳು ಬಹುಮಟ್ಟಿಗೆ ನೇರವಾಗಿ 12 ವೋಲ್ಟಿನ ಬ್ಯಾಟರಿಯಿಂದಲೇ ಉರಿಯುತ್ತವೆ. ಅಲ್ಲಿ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪವೆಂಬ ನಿಯಮವಿರುವುದರಿಂದ ಅಲಂಕಾರದ ಬಣ್ಣಗಳು ಅವುಗಳೊಡನೆ ಗೊಂದಲವಾಗದಂತೆ ನೋಡಿಕೊಳ್ಳಬೇಕು. ನಮ್ಮ ಕೆರೆಯಲ್ಲಿ ಎದುರು ಬರುವ ಹಡಗಿಲ್ಲವಾದ್ದರಿಂದ ಆ ಚಿಂತೆ ಇಲ್ಲ.

ಲೆಕ್ಕ ಸರಳವಾಗಿತ್ತು. ಮೀಟರಿಗೆ 4.8 ವ್ಯಾಟಿನ ಪಟ್ಟಿ 20 ಮೀಟರ್ ಎಂದರೆ 96 ವ್ಯಾಟ್, ಅಂದರೆ 12 ವೋಲ್ಟಿಗೆ 8 ಆಂಪಿಯರ್. ಮೂರು ಗಂಟೆಗೆ 24 ಆಂಪಿಯರ್-ಗಂಟೆ (ಎಎಚ್) ಖರ್ಚು. 75 ಎಎಚ್‌ನ ಟ್ರ್ಯಾಕ್ಟರ್ ಬ್ಯಾಟರಿಗೆ ಇದು ಮೂರನೆಯ ಒಂದು ಪಾಲು ಮಾತ್ರ. ಇಂಥ ಬ್ಯಾಟರಿ ಎಂಜಿನ್ ಚಾಲೂ ಮಾಡುವುದಕ್ಕೆಂದು ಮಾಡಿದ್ದು, ಪೂರ್ತಿ ಬರಿದಾಗಿಸಿದರೆ ಬೇಗ ಹಾಳಾಗುತ್ತದೆ.

ನಾನು ಎಡವಿದ್ದು ವೈರಿನಲ್ಲಿ. ಮೊದಲ ವರ್ಷ ಮನೆಯಲ್ಲಿ ಬಿದ್ದಿದ್ದ 1 ಚದರ ಮಿಲಿಮೀಟರಿನ ವೈರನ್ನೇ ಎಳೆದು, 20 ಮೀಟರ್ ಪಟ್ಟಿಯನ್ನು ಒಂದರ ತುದಿಗೆ ಒಂದು ಜೋಡಿಸಿಬಿಟ್ಟೆ. ಬ್ಯಾಟರಿಯ ಹತ್ತಿರದ ಕಂಬ ಝಗಮಗಿಸಿದರೆ, ಕೊನೆಯಲ್ಲಿದ್ದ ಕಳಸ ಮಿಣುಕುಹುಳುವಿನಂತಿತ್ತು. ಆರು ಮೀಟರ್ ದೂರಕ್ಕೆ ಹೋಗಿ ಬರುವ ಎರಡು ಎಳೆ ಸೇರಿ 12 ಮೀಟರ್ ತಾಮ್ರ. 8 ಆಂಪಿಯರಿಗೆ ಅದರಲ್ಲಿಯೇ ಒಂದೂವರೆ ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ; ಪಟ್ಟಿಯೊಳಗಿನ ತೆಳು ತಾಮ್ರದಲ್ಲಿ ತುದಿಯತ್ತ ಹೋದಂತೆ ಇನ್ನಷ್ಟು. 230ರಲ್ಲಿ ಅಷ್ಟು ಹೋದರೆ ಯಾರಿಗೂ ತಿಳಿಯದು, 12ರಲ್ಲಿ ಹೋದರೆ ಊರಿಗೆಲ್ಲ ಕಾಣುತ್ತದೆ. ಮರುವರ್ಷ 4 ಚದರ ಮಿಲಿಮೀಟರಿನ ವೈರು ತಂದು, ಪಟ್ಟಿಯನ್ನು ಐದೈದು ಮೀಟರಿನ ನಾಲ್ಕು ತುಂಡು ಮಾಡಿ, ಪ್ರತಿಯೊಂದಕ್ಕೂ ಬೇರೆಯಾಗಿ ಸಂಪರ್ಕ ಕೊಟ್ಟೆ.

12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯದು ನಿಜ, ಆದರೆ ಪ್ಲಸ್ಸು ಮೈನಸ್ಸು ಒಂದಕ್ಕೊಂದು ತಗುಲಿದರೆ ವೈರು ಕೆಂಪಗೆ ಕಾದು ಹೂವಿನ ಅಲಂಕಾರಕ್ಕೇ ಬೆಂಕಿ ಹತ್ತೀತು. ಆದ್ದರಿಂದ ಪ್ಲಸ್ ತುದಿಯ ಪಕ್ಕದಲ್ಲಿಯೇ 15 ಆಂಪಿಯರಿನ ಫ್ಯೂಸ್ ಹಾಕಿ, ತುದಿಗಳಿಗೆ ರಬ್ಬರ್ ಮುಚ್ಚಿ, ಬ್ಯಾಟರಿಯನ್ನು ತೆಪ್ಪದ ನಟ್ಟನಡುವೆ ಅಲುಗದಂತೆ ಕಟ್ಟಿದೆವು.

ಈ ಸಲ ಕಳಸ ಕಂಬದಷ್ಟೇ ಬೆಳಗಿತು. ಬ್ಯಾಟರಿ ಕೊಟ್ಟವರು ಹಾಕಿದ್ದು ಒಂದೇ ಷರತ್ತು: ಬೆಳಗಾದರೆ ಹೊಲಕ್ಕೆ ಹೋಗಬೇಕು. ಬೆಳಿಗ್ಗೆ ಅದನ್ನು ಮರಳಿ ಜೋಡಿಸಿದಾಗ ಟ್ರ್ಯಾಕ್ಟರ್ ಮೊದಲ ಸಲಕ್ಕೇ ಚಾಲೂ ಆಯಿತು.