ಕೋರ್ಸ್‌ಮೇಟ್‌ಗಳ ಪರಿಚಯ ಪುಸ್ತಕದಲ್ಲಿ ಯಾರನ್ನು ಮೊದಲು ಬರೆಯಬೇಕು?

ಪುಣೆ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ನಮ್ಮೊಂದಿಗೆ ತರಬೇತಿ ಪಡೆದವರ ಜೀವನ ವಿವರಗಳನ್ನು ಒಂದು ಪುಸ್ತಕವಾಗಿ ತರಲು ಗೆಳೆಯರು ನಿರ್ಧರಿಸಿದಾಗ, ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವರ ಬರಹಗಳನ್ನು ಕೂಡಿಸುವ ಹೊಣೆ ನನ್ನ ಪಾಲಿಗೆ ಬಂತು. ನಿವೃತ್ತನಾಗಿ ಬಳ್ಳಾರಿಯಲ್ಲಿ ಕುಳಿತವನಿಗೆ ಬೇರೇನು ಕೆಲಸ ಎಂದು ಅವರು ಲೆಕ್ಕ ಹಾಕಿರಬೇಕು. ಕೈಸೇರಿದ ಬರಹಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು: ಯಾವ ರೆಜಿಮೆಂಟು, ಎಲ್ಲೆಲ್ಲಿ ಪೋಸ್ಟಿಂಗು, ಯಾವ ಪದಕ, ಯಾವ ಹುದ್ದೆಯಲ್ಲಿ ನಿವೃತ್ತಿ. ಓದಿದರೆ ಸರ್ವಿಸ್ ರೆಕಾರ್ಡು ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ. ಅದಕ್ಕಿಂತ ತೊಡಕಾಗಿದ್ದು ಕ್ರಮದ ಪ್ರಶ್ನೆ. ಹೆಸರುಗಳನ್ನು ಹುದ್ದೆಯ ಪ್ರಕಾರ ಜೋಡಿಸಬೇಕು ಎನ್ನುವವರು ಕೆಲವರು. ಅಕಾಡೆಮಿಯಲ್ಲಿ ಕೊಟ್ಟ ನಂಬರಿನ ಪ್ರಕಾರ ಜೋಡಿಸಬೇಕು ಎನ್ನುವವರು ಉಳಿದವರು. ನಾನು ಎರಡನೆಯ ಪಕ್ಷ.

ಅಕಾಡೆಮಿಯ ಕೋರ್ಸುಗಳ ಮಾತು ಬಂದಾಗ ಎಲ್ಲರೂ ಮೊದಲು ಎತ್ತುವುದು ಸೇನಾ ಮುಖ್ಯಸ್ಥರ ಕಥೆಯನ್ನೇ. 1949ರಲ್ಲಿ ಡೆಹ್ರಾಡೂನಿನಲ್ಲಿ ಜಾಯಿಂಟ್ ಸರ್ವಿಸಸ್ ವಿಂಗ್ ಎಂಬ ಹೆಸರಿನಲ್ಲಿ ಆರಂಭವಾದ ಮೊಟ್ಟಮೊದಲ ಕೋರ್ಸಿನಿಂದಲೇ ಜನರಲ್ ಎಸ್. ಎಫ್. ರಾಡ್ರಿಗಸ್, ಅಡ್ಮಿರಲ್ ಎಲ್. ರಾಮದಾಸ್ ಮತ್ತು ಏರ್ ಚೀಫ್ ಮಾರ್ಷಲ್ ಎನ್. ಸಿ. ಸೂರಿ ಬಂದರು, 1991ರ ಹೊತ್ತಿಗೆ ಈ ಮೂವರು ಏಕಕಾಲಕ್ಕೆ ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಮುಖ್ಯಸ್ಥರಾಗಿದ್ದರು. 2019ರ ಕೊನೆಗೆ 56ನೇ ಕೋರ್ಸಿನ ನರವಣೆ, ಕರಂಬೀರ್ ಸಿಂಗ್, ಭದೌರಿಯಾ ಅವರಲ್ಲೂ ಅದೇ ಮರುಕಳಿಸಿತು. ಆ ಮೂವರ ತಂದೆಯರೂ ವಾಯುಸೇನೆಯಲ್ಲಿದ್ದವರು ಎಂಬುದು ನಮ್ಮ ಗುಂಪಿನಲ್ಲಿ ಬಹಳ ದಿನ ಓಡಾಡಿದ ಸಂಗತಿ. ಹೆಮ್ಮೆ ಪಡಬೇಕಾದದ್ದೇ, ಅನುಮಾನವಿಲ್ಲ. ಆದರೆ ನೂರಾರು ಹುಡುಗರ ಒಂದು ಕೋರ್ಸನ್ನು ಮೂವರ ಹೆಸರಿನಲ್ಲಿ ಹೇಳಿ ಮುಗಿಸಿದರೆ, ಉಳಿದವರೆಲ್ಲ ಏನು ಮಾಡಿದರು ಎಂಬುದಕ್ಕೆ ಉತ್ತರ ಸಿಗುವುದಿಲ್ಲ.

ಸೇನೆಯ ಬಡ್ತಿಯ ಲೆಕ್ಕ ಹೊರಗಿನವರಿಗೆ ಅಷ್ಟಾಗಿ ತಿಳಿಯದು. 2004ರ ಡಿಸೆಂಬರಿನಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ 2 ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್. ಇಷ್ಟು ದೂರ ಸೇವಾವಧಿಯೇ ದಡ ಮುಟ್ಟಿಸುತ್ತದೆ. ಅಲ್ಲಿಂದ ಮುಂದೆ ಸಿಲೆಕ್ಷನ್ ಬೋರ್ಡು. ಕರ್ನಲ್ ಹುದ್ದೆಗಳೇ ಕಡಿಮೆ, ಬ್ರಿಗೇಡಿಯರ್ ಇನ್ನೂ ಕಡಿಮೆ, ಆದ್ದರಿಂದ ಯೋಗ್ಯರಾದರೂ ಹಲವರು ಲೆಫ್ಟಿನೆಂಟ್ ಕರ್ನಲ್ ಹುದ್ದೆಯಲ್ಲೇ ನಿಲ್ಲಬೇಕಾಗುತ್ತದೆ. ಹಾಗೆ ನಿಂತವರು 26 ವರ್ಷ ಪೂರೈಸಿದರೆ ಟೈಮ್ ಸ್ಕೇಲ್ ಕರ್ನಲ್ ಆಗುತ್ತಾರೆ. ಭುಜದ ಮೇಲಿನ ಚಿಹ್ನೆ ಒಂದೇ, ಪಲ್ಟನ್ನಿನ ಕಮಾಂಡು ಮಾತ್ರ ಕೈಗೆ ಬರುವುದಿಲ್ಲ. ಕರ್ನಲ್ ಸಾಮಾನ್ಯವಾಗಿ 54ನೇ ವಯಸ್ಸಿಗೆ, ಮೇಜರ್ ಜನರಲ್ 58ಕ್ಕೆ, ಲೆಫ್ಟಿನೆಂಟ್ ಜನರಲ್ 60ಕ್ಕೆ ನಿವೃತ್ತರಾಗುತ್ತಾರೆ. ಅಕಾಡೆಮಿಗೆ ಹತ್ತಿರದ ಸಿಂಹಗಡ ಕೋಟೆಯ ಏರನ್ನು ಜೊತೆಜೊತೆಯಾಗಿ ಓಡಿ ಹತ್ತಿದವರಲ್ಲಿ ಒಬ್ಬನ ಮನೆ ಮುಂದೆ ಧ್ವಜ ಹೊತ್ತ ಕಾರು ನಿಂತಿರುವಾಗ ಇನ್ನೊಬ್ಬ ಪೆನ್ಶನ್ ಕಾಗದ ಹಿಡಿದು ಬ್ಯಾಂಕಿನ ಸಾಲಿನಲ್ಲಿ ನಿಂತಿರುವುದು ಹೀಗೆ. ನಮ್ಮೂರುಗಳಲ್ಲಿ ಇದ್ಯಾವುದೂ ಲೆಕ್ಕಕ್ಕಿಲ್ಲ. ಮಗ ಸಿಪಾಯಿಯಾಗಿರಲಿ, ಬ್ರಿಗೇಡಿಯರ್ ಆಗಿರಲಿ, "ನಮ್ಮ ಹುಡುಗ ಮಿಲಿಟ್ರ್ಯಾಗ ಅದಾನ" ಎಂದರೆ ಮಾತು ಮುಗಿಯಿತು.

ಸಿಂಧನೂರು ತಾಲ್ಲೂಕಿನ ಗೆಳೆಯ ಹೀಗೆ ಟೈಮ್ ಸ್ಕೇಲ್‌ನಲ್ಲಿ ಕರ್ನಲ್ ಆದವನು. ಇಂಜಿನಿಯರ್ಸ್ ವಿಭಾಗದವನಾದ ಅವನು ಕಳಿಸಿದ ಅರ್ಧ ಪುಟದಲ್ಲಿ "ಬಾರ್ಡರ್ ರೋಡ್ಸ್, ಪ್ರಾಜೆಕ್ಟ್ ವರ್ತಕ್" ಎಂಬ ಒಂದು ಸಾಲಿತ್ತು, ಅಷ್ಟೇ. ಫೋನಿನಲ್ಲಿ ಕೆದಕಿದ ಮೇಲೆ ವಿಷಯ ಹೊರಬಂತು. ಅರುಣಾಚಲದ ಗಡಿಭಾಗದ ತವಾಂಗ್‌ಗೆ ಹೋಗುವ ದಾರಿ ಸುಮಾರು 13,700 ಅಡಿ ಎತ್ತರದ ಸೇಲಾ ಕಣಿವೆಮಾರ್ಗವನ್ನು ದಾಟಬೇಕು. 2024ರ ಮಾರ್ಚಿನಲ್ಲಿ ಸುರಂಗ ಉದ್ಘಾಟನೆಯಾಗುವ ತನಕ ಹಿಮ ಬಿದ್ದಾಗಲೆಲ್ಲ ಅದನ್ನು ಯಂತ್ರದಿಂದ ತೋಡಿಯೇ ತೆರೆಯಬೇಕಿತ್ತು. ಬೆಳಗಿನ ಜಾವ ಡೀಸೆಲ್ ಮೊಸರಿನಂತೆ ಹೆಪ್ಪುಗಟ್ಟುತ್ತಿತ್ತಂತೆ, ಬುಲ್ಡೋಜರಿನ ಎಂಜಿನ್ನಿಗೆ ಬಿಸಿ ತಾಗಿಸಿ ಎಬ್ಬಿಸುವುದೇ ದಿನದ ಮೊದಲ ಕೆಲಸ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಿಂದ ಹೋದವನು ಆ ದಾರಿಯನ್ನು ತೆರೆದಿಟ್ಟ. ಆ ಕಡೆಯ ಪಲ್ಟನ್ನುಗಳಿಗೆ ಪಡಿತರ, ಔಷಧ, ಮನೆಯ ಕಾಗದ ಹೋಗುತ್ತಿದ್ದದ್ದು ಅದೇ ದಾರಿಯಲ್ಲಿ. ಇದಕ್ಕೆ ಪದಕವಿಲ್ಲ, ಬೋರ್ಡಿನ ಮುಂದೆ ಎಷ್ಟು ತೂಕ ಬಂತೋ ದೇವರೇ ಬಲ್ಲ.

ಅವನ ಮನೆಯಲ್ಲಿ ಅಕಾಡೆಮಿಯ ಕಪ್ಪು ಟ್ರಂಕು ಇನ್ನೂ ಇದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು, ಸ್ಕ್ವಾಡ್ರನ್. ಅಕ್ಷರಗಳು ಒಂದಿಷ್ಟು ಉದುರಿವೆ. ಒಳಗೆ ಬಿತ್ತನೆಯ ಭತ್ತ ತುಂಬಿದ್ದಾರೆ, ಇಲಿ ಹೋಗುವುದಿಲ್ಲ ಎಂದು.

ಇನ್ನೊಬ್ಬ ಕೊಪ್ಪಳದವನು. ನಮ್ಮ ಕಾಲದ ಕಾಗದಗಳಲ್ಲಿ ಅವನ ಜಿಲ್ಲೆ ಇನ್ನೂ ರಾಯಚೂರು ಎಂದೇ ಇದೆ. ಮೊಣಕಾಲಿಗೆ ಪೆಟ್ಟಾಗಿ ಕೆಲವು ತಿಂಗಳ ತರಬೇತಿ ತಪ್ಪಿದ್ದರಿಂದ ರೆಲಿಗೇಟ್ ಆಗಿ ಕೆಳಗಿನ ಕೋರ್ಸಿಗೆ ಇಳಿದ, ಕೊನೆಗೆ ಮೆಡಿಕಲ್ ಬೋರ್ಡು ಅವನನ್ನು ಮನೆಗೆ ಕಳಿಸಿತು. ಕಮಿಷನ್ ಪಡೆದು ಅಧಿಕಾರಿಯಾಗದವನ ಹೆಸರು ಪುಸ್ತಕದಲ್ಲಿ ಯಾಕೆ ಎಂದು ಇಬ್ಬರು ಮೂವರು ಕೇಳಿದ್ದಾರೆ. ಅವನು ಕುಷ್ಟಗಿ ಕಡೆಯ ಸರ್ಕಾರಿ ಶಾಲೆಯಲ್ಲಿ ಗಣಿತ ಮೇಷ್ಟ್ರಾದ. ಸಂಜೆ ಹೊತ್ತು ಐದನೇ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ವಿಜಯಪುರದ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಗೆ ತಯಾರು ಮಾಡುತ್ತಿದ್ದ. 1963ರಲ್ಲಿ ಶುರುವಾದ ಆ ಶಾಲೆಗೆ ಇಳಕಲ್, ಹುನಗುಂದ ದಾಟಿ ಟ್ರಂಕು ಹೊತ್ತು ಹೋದ ಈ ಭಾಗದ ಎಷ್ಟೋ ಹುಡುಗರಿಗೆ ಭಿನ್ನರಾಶಿ ಕಲಿಸಿದವನು ಅವನೇ. ಅವನನ್ನು ಬಿಟ್ಟು ನಮ್ಮ ಕೋರ್ಸಿನ ಚರಿತ್ರೆ ಬರೆಯುವುದಾದರೆ ಆ ಕೆಲಸ ಬೇರೆ ಯಾರಾದರೂ ಮಾಡಲಿ ಎಂದು ಹೇಳಿಬಿಟ್ಟಿದ್ದೇನೆ.

ಹುದ್ದೆಯ ಕ್ರಮವನ್ನು ನಾನು ಒಪ್ಪದಿರುವುದಕ್ಕೆ ಇನ್ನೊಂದು ಕಾರಣ ಅರುಣ್ ಖೇತ್ರಪಾಲ್. 38ನೇ ಕೋರ್ಸಿನ ಆತ ಪೂನಾ ಹಾರ್ಸ್ ರೆಜಿಮೆಂಟಿಗೆ ಕಮಿಷನ್ ಆದದ್ದು 1971ರ ಜೂನ್ 13ರಂದು. ಪಾಕಿಸ್ತಾನದ ಜೊತೆಗಿನ ಯುದ್ಧದ ಬಸಂತರ್ ಕಾಳಗದಲ್ಲಿ, ಹೊತ್ತಿ ಉರಿಯುತ್ತಿದ್ದ ತನ್ನ ಟ್ಯಾಂಕನ್ನು ಬಿಟ್ಟಿಳಿಯದೆ ಹೋರಾಡಿ ಮಡಿದದ್ದು ಅದೇ ವರ್ಷ ಡಿಸೆಂಬರ್ 16ರಂದು, 21ನೇ ವಯಸ್ಸಿನಲ್ಲಿ. ಮರಣೋತ್ತರವಾಗಿ ಪರಮವೀರ ಚಕ್ರ ಬಂತು. ಹುದ್ದೆ ಸೆಕೆಂಡ್ ಲೆಫ್ಟಿನೆಂಟ್. ಹುದ್ದೆಯ ಪ್ರಕಾರ ಜೋಡಿಸಿದ ಯಾವ ಪಟ್ಟಿಯಲ್ಲಾದರೂ ಆತನ ಹೆಸರು ಕಟ್ಟಕಡೆಗೇ ಬರುತ್ತದೆ.

2025ರ ಮೇ 30ರಂದು ಅಕಾಡೆಮಿಯಿಂದ ಮೊದಲ ಬಾರಿಗೆ 17 ಮಹಿಳಾ ಕೆಡೆಟ್‌ಗಳು 148ನೇ ಕೋರ್ಸಿನೊಂದಿಗೆ ಹೊರಬಂದರು. ಅವರ ಕೋರ್ಸಿನ ಪುಸ್ತಕ ಇನ್ನು ನಲವತ್ತು ವರ್ಷಕ್ಕೆ ಬರಬಹುದು, ಅದರಲ್ಲಿ ಹೆಂಗಸರೇ ತಮ್ಮ ಸೇವೆಯ ಕಥೆ ಬರೆದಿರುತ್ತಾರೆ. ನಮ್ಮ ಪುಸ್ತಕಕ್ಕೆ ಬರೆಯುವುದಾದರೆ ಹೆಂಡಂದಿರು ಬರೆಯಬೇಕು. ಗಂಡ ಸಂಸಾರ ಒಯ್ಯಲಾಗದ ಫೀಲ್ಡ್ ಏರಿಯಾಕ್ಕೆ ಹೋದಾಗ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದವರು, ಎರಡು ವರ್ಷಕ್ಕೊಮ್ಮೆ ಶಾಲೆಯ ಟಿಸಿಗಾಗಿ ಓಡಾಡಿದವರು ಅವರು. ಯಾವ ಪೋಸ್ಟಿಂಗ್‌ನಲ್ಲಿ ಏನು ನಡೆಯಿತೆಂಬುದು ನಮಗಿಂತ ಅವರಿಗೇ ಚೆನ್ನಾಗಿ ನೆನಪಿದೆ. ಆದ್ದರಿಂದ ಪ್ರತಿ ಮನೆಗೂ ಎರಡನೇ ಕಾಗದ ಹಾಕಿದ್ದೇನೆ. ಸಿಂಧನೂರಿನ ಮನೆಯಿಂದ ಆಗಲೇ ಹದಿನಾಲ್ಕು ಪುಟ ಬಂದಿದೆ, ಗಂಡನ ಅರ್ಧ ಪುಟದಲ್ಲಿ ಎರಡು ಇಸವಿ ತಪ್ಪಾಗಿವೆ ಎಂಬ ತಿದ್ದುಪಡಿಯ ಸಮೇತ.