ತೋಟದಲ್ಲಿ ಮೇಪಲ್ ಬರುತ್ತದೆಯೇ?

ಹಾಸನ, ತುಮಕೂರಿನ ಕಡೆ ಎರಡು ಮೂರು ಎಕರೆ ಜಮೀನು ಕೊಂಡವರು, ಅದರಲ್ಲೂ ಕೆಲವು ವರ್ಷ ಅಮೆರಿಕದಲ್ಲಿದ್ದು ಮರಳಿದವರು, ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಅಲ್ಲಿ ಅಕ್ಟೋಬರಿನಲ್ಲಿ ಊರಿಗೆ ಊರೇ ಕೆಂಪಾಗುತ್ತದಲ್ಲ, ಅಂಥ ಮರಗಳನ್ನು ಇಲ್ಲಿ ನೆಡಬಹುದೇ, ಮೇಪಲ್ ಬರುತ್ತದೆಯೇ? ಮೇಪಲ್ ಬರುವುದಿಲ್ಲ. ಬಣ್ಣ ಬರುತ್ತದೆ, ಆದರೆ ಅಕ್ಟೋಬರಿನಲ್ಲಲ್ಲ.

ಅಮೆರಿಕದ ಈಶಾನ್ಯದ ವರ್ಮಾಂಟಿನಂಥ ಸೀಮೆಯಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ 6 ಗಂಟೆಗೂ ಮೀರಿದ ಅಂತರವಿದ್ದರೆ, ಬೆಂಗಳೂರಿನಲ್ಲಿ ಅದು ಸುಮಾರು ಒಂದೂವರೆ ಗಂಟೆ ಮಾತ್ರ. ಹಗಲು ಮೊಟಕಾಗಿ ರಾತ್ರಿಗಳು ತಣ್ಣಗಾದಾಗ ಮೇಪಲ್ ಮರ ಎಲೆಗೆ ಹಸಿರು ಕೊಡುವ ಪತ್ರಹರಿತ್ತನ್ನು ಒಡೆದು ಸಾರಜನಕವನ್ನು ಒಳಗೆ ಎಳೆದುಕೊಳ್ಳುತ್ತದೆ. ಮೊದಲಿನಿಂದಲೂ ಅಡಗಿದ್ದ ಹಳದಿ ಆಗ ಕಾಣಿಸಿಕೊಳ್ಳುತ್ತದೆ, ಕೆಂಪು ಕೊಡುವ ಆಂಥೋಸಯನಿನ್ ಹೊಸದಾಗಿ ತಯಾರಾಗುತ್ತದೆ. ಬಳಿಕ ಮೊಗ್ಗು ಸರಿಯಾಗಿ ಒಡೆಯಬೇಕಾದರೆ ವಾರಗಟ್ಟಲೆ ಕೊರೆಯುವ ಚಳಿಯೂ ಬೇಕು. ಬೆಂಗಳೂರಿನ ಜನವರಿಯ 15 ಡಿಗ್ರಿಯ ರಾತ್ರಿಗಳು ಅದಕ್ಕೆ ಏನೇನೂ ಸಾಲವು. ಹೀಗಿದ್ದರೂ ಇಲ್ಲಿಗೆ ಮೇಪಲ್ ಬೀಜ ಮಾರುವವರಿದ್ದಾರೆ. ಆ ಹಣಕ್ಕೆ ಗೊಬ್ಬರ ಕೊಳ್ಳುವುದು ಲೇಸು.

ನಮ್ಮ ಬಯಲುಸೀಮೆಯ ಮರಗಳು ಎಲೆ ಉದುರಿಸುವುದು ಚಳಿಗಲ್ಲ, ಒಣಹವೆಗೆ. ಕಾಡುಬಾದಾಮಿಯ ಒಂದೇ ರೆಂಬೆಯಲ್ಲಿ ಹಸಿರು, ಹಳದಿ, ಕಡುಗೆಂಪು ಎಲೆಗಳನ್ನು ಡಿಸೆಂಬರಿನಿಂದ ಫೆಬ್ರವರಿಯೊಳಗೆ ಯಾರು ಬೇಕಾದರೂ ನೋಡಬಹುದು. ಗೇಣುದ್ದದ ಎಲೆಗಳಾದ್ದರಿಂದ ಬಾವಿಯ ಹತ್ತಿರ ಮಾತ್ರ ಇದನ್ನು ನೆಡಬೇಡಿ. ನೆರೆಯವರ ಬಾವಿಯೂ ಲೆಕ್ಕಕ್ಕೆ ಸೇರಿತು. ಹೊಳೆದಾಸವಾಳದ ಎಲೆ ಉದುರುವ ಮುನ್ನ ತಾಮ್ರದ ಬಣ್ಣಕ್ಕೆ ತಿರುಗುತ್ತದೆ, ಬೇಸಿಗೆಯಲ್ಲಿ ನೇರಳೆ ಹೂವೂ ಸಿಗುತ್ತದೆ. ಆದರೆ ನೆಲದಲ್ಲಿ ಪಸೆ ಇರಬೇಕು.

ಇಷ್ಟಾದರೂ ನಮ್ಮಲ್ಲಿ ನಿಜವಾದ ಬಣ್ಣವಿರುವುದು ಹಣ್ಣೆಲೆಯಲ್ಲಿ ಅಲ್ಲ, ಚಿಗುರಿನಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಯುಗಾದಿಗೆ ಮುಂಚೆ ಸಾಗಡೆ ಮರವನ್ನು ನೋಡಿ. ಬೋಳು ರೆಂಬೆಗಳ ತುದಿಯಲ್ಲಿ ಜೋಲುಬಿದ್ದ ಎಳೆಯ ಎಲೆಗಳು ರಕ್ತಗೆಂಪಾಗಿದ್ದು, ದೂರದಿಂದ ಇಡೀ ಮರ ಹೂ ಬಿಟ್ಟಂತೆಯೇ ಕಾಣುತ್ತದೆ. ಹತ್ತಿರ ಹೋದರೆ ಎಲೆ ಇನ್ನೂ ಮೆತ್ತಗೆ, ಹೊಳಪಾಗಿ ಇರುತ್ತದೆ. ದಿನ ಕಳೆದಂತೆ ಅದು ಎಳೆಹಸಿರಾಗಿ, ಬಿಸಿಲು ಬಲಿಯುವ ವೇಳೆಗೆ ದಟ್ಟ ನೆರಳಾಗುತ್ತದೆ. ನಾಗಸಂಪಿಗೆಯ ಚಿಗುರೂ ಕೆಂಪೇ, ಅರಳಿಯದು ನಸುಗೆಂಪು. ಅರಳಿಯನ್ನು ಮನೆಯ ಗೋಡೆಯಿಂದ ದೂರವಿಡಬೇಕೆಂದು ಬೇರೆ ಹೇಳಬೇಕಿಲ್ಲ.

1908ರಿಂದ 1932ರವರೆಗೆ ಲಾಲ್‌ಬಾಗನ್ನು ನೋಡಿಕೊಂಡ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿಗೆ ಮರಗಳನ್ನು ಆರಿಸಿದರು. ಎಲೆಗೂ ಅದೇ ಲೆಕ್ಕ ಹಾಕಬಹುದು: ಮೊದಲು ಕಾಡುಬಾದಾಮಿ, ಜೊತೆಜೊತೆಗೆ ಹೊಳೆದಾಸವಾಳ, ಕೊನೆಗೆ ಸಾಗಡೆ. ಇವುಗಳನ್ನು ಮನೆಯ ಪಶ್ಚಿಮಕ್ಕೆ, ಗೋಡೆಯಿಂದ ಮೂವತ್ತು ಅಡಿಯಾದರೂ ಆಚೆಗೆ ನೆಟ್ಟರೆ, ಸಂಜೆಯ ಬಿಸಿಲು ಎಲೆಯ ಹಿಂದಿನಿಂದ ತೂರಿಬಂದು ಜಗಲಿಯಲ್ಲಿ ಕುಳಿತವರಿಗೆ ಬಣ್ಣ ಇಮ್ಮಡಿಯಾಗಿ ಕಾಣುತ್ತದೆ. ಏಪ್ರಿಲ್‌ನ ಮಧ್ಯಾಹ್ನ ಗೋಡೆಯೂ ಕಾಯುವುದಿಲ್ಲ.

ಸಾಗಡೆ ಬಹಳ ನಿಧಾನವಾಗಿ ಬೆಳೆಯುವ ಮರ, ಕಾಡುಬಾದಾಮಿ ಬೇಗ ಎದ್ದುಬಿಡುತ್ತದೆ. ಆದ್ದರಿಂದ ಮುಂಗಾರು ಹಿಡಿದ ಕೂಡಲೇ ಮೊದಲ ಗುಂಡಿ ಸಾಗಡೆಗೇ ಇರಲಿ. ಸಸಿಗೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮೊದಲೇ ಹೇಳಿಡಿ, ಏಕೆಂದರೆ ಅಲಂಕಾರದ ಗಿಡ ಮಾರುವ ಅಂಗಡಿಗಳಲ್ಲಿ ಅದು ಸಿಗುವುದು ಅಪರೂಪ.